ಮಂತ್ರದ ಬೆಲೆ

ಮಂತ್ರವಾದಿಯ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ದಂಡವನ್ನು ಒಮ್ಮೆ ಬೀಸಿದರೆ ಮಳೆ, ಮತ್ತೊಮ್ಮೆ ಬೀಸಿದರೆ ಬಿಸಿಲು. ಆ ಮಳೆ ಯಾರ ಹೊಲಕ್ಕೆ ಸಲ್ಲಬೇಕಾಗಿದ್ದಿತು ಎಂದು ಕೇಳುವ ಗೋಜಿಗೆ ಕಥೆಗಾರನೂ ಹೋಗುವುದಿಲ್ಲ, ನಾವೂ ಹೋಗುವುದಿಲ್ಲ. ಆ ಪ್ರಶ್ನೆಯನ್ನೇ ಕಥೆಯ ತಿರುಳಾಗಿಸಿಕೊಂಡವರು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ (1929–2018). ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ ಕಾದಂಬರಿ 1968ರಲ್ಲಿ ಪ್ರಕಟವಾಯಿತು.

ಅರ್ತ್‌ಸೀ ಎಂಬುದು ದ್ವೀಪಗಳಿಂದಲೇ ಆದ ಒಂದು ಕಲ್ಪಿತ ಲೋಕ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವುಂಟು. ಅದನ್ನರಿತವನಿಗೆ ವಸ್ತು ವಶ. ರೋಕ್ ದ್ವೀಪದ ವಿದ್ಯಾಶಾಲೆಯಲ್ಲಿ ಗುರುಗಳು ಎರಡು ವಿದ್ಯೆಗಳನ್ನು ಬೇರ್ಪಡಿಸಿ ತೋರಿಸುತ್ತಾರೆ. ಕಲ್ಲನ್ನು ರತ್ನದಂತೆ ಕಾಣಿಸುವುದು ಕಣ್ಕಟ್ಟು, ಅದರಿಂದ ಹಾನಿಯಿಲ್ಲ. ಅದನ್ನು ನಿಜವಾಗಿಯೂ ರತ್ನವನ್ನಾಗಿ ಮಾಡುವುದೆಂದರೆ ಲೋಕದ ತೂಕವನ್ನೇ ಕದಲಿಸಿದಂತೆ. ಒಂದು ದ್ವೀಪಕ್ಕೆ ತರಿಸಿದ ಮಳೆ ಇನ್ನೊಂದಕ್ಕೆ ಬರವಾದೀತು.

ಇದನ್ನು ಲೇಖಕಿ ನಗೆಯಾಡುತ್ತಲೂ ಹೇಳಬಲ್ಲರು. ಮಾಂತ್ರಿಕರು ಹೆಚ್ಚಾಗಿರುವ ಸೀಮೆಯಲ್ಲಿ ಮಳೆಮೋಡದ ಪಾಡು ನೋಡಿ: ಒಬ್ಬನು ಅದನ್ನು ಪಕ್ಕದೂರಿಗೆ ಅಟ್ಟುತ್ತಾನೆ, ಅಲ್ಲಿಯವನು ಮುಂದಿನೂರಿಗೆ, ಪಾಪ, ಅದು ನೆಮ್ಮದಿಯಾಗಿ ಸುರಿಯಬೇಕಾದರೆ ಕಡಲನ್ನೇ ಸೇರಬೇಕು! ಆದರೆ ಕಥಾನಾಯಕ ಗೆಡ್‌ನ ಗುರು ಒಗಿಯನ್ ಮಳೆಯನ್ನು ತಡೆಯಬಲ್ಲವನಾದರೂ ತಡೆಯುವುದಿಲ್ಲ. ದಟ್ಟವಾದ ಮರವೊಂದನ್ನು ಹುಡುಕಿ ಅದರಡಿ ಮಲಗುತ್ತಾನೆ. ಬಲವಿದ್ದೂ ಬಳಸದ ಈ ವಿದ್ಯೆ ಹುಡುಗನಿಗೆ ರುಚಿಸುವುದಿಲ್ಲ.

ಮುಂದೆ ರೋಕ್‌ನಲ್ಲಿ ಗೆಡ್ ಸಹಪಾಠಿಯೊಡನೆ ಪಂತ ಕಟ್ಟಿ ಸತ್ತವಳೊಬ್ಬಳ ಆತ್ಮವನ್ನು ಕರೆಯುತ್ತಾನೆ. ಬಿರಿದ ಸಂದಿನಿಂದ ಕರಾಳವಾದ ನೆರಳೊಂದು ಹೊರಬೀಳುತ್ತದೆ. ಅದನ್ನು ಮುಚ್ಚುವುದಕ್ಕಾಗಿ ವೃದ್ಧ ಮಹಾಗುರು ನೆಮ್ಮರ್ಲ್ ತನ್ನ ಬಲವನ್ನೆಲ್ಲ ಸುರಿದು ಪ್ರಾಣ ಬಿಡುತ್ತಾನೆ. ಗೆಡ್ ಬದುಕುತ್ತಾನೆ, ಗಾಯದ ಗುರುತುಗಳೊಡನೆ. ತಪ್ಪು ಒಬ್ಬನದು, ದೊಡ್ಡ ದಂಡ ಮತ್ತೊಬ್ಬನಿಗೆ. ಲೇಖಕಿಯ ನೀತಿವಿಚಾರವೆಲ್ಲ ಇಲ್ಲಿದೆಯೆನ್ನಬಹುದು.

1972ರ ‘ದಿ ಫಾರ್ದೆಸ್ಟ್ ಶೋರ್’ ಕಾದಂಬರಿಯಲ್ಲಿ ಈ ವಿಚಾರ ಲೋಕವ್ಯಾಪಿಯಾಗುತ್ತದೆ. ಸಾವನ್ನು ಗೆಲ್ಲಬೇಕೆಂದು ಕಾಬ್ ಎಂಬ ಮಾಂತ್ರಿಕ ಬದುಕು-ಸಾವುಗಳ ನಡುವೆ ಬಾಗಿಲೊಂದನ್ನು ತೆರೆದಿದ್ದಾನೆ. ಆ ರಂಧ್ರದಿಂದ ಲೋಕದ ಸತ್ತ್ವವೇ ಸೋರಿಹೋಗುತ್ತಿದೆ. ಮಾಂತ್ರಿಕರಿಗೆ ಮಂತ್ರಗಳು ಮರೆಯುತ್ತವೆ. ರೇಷ್ಮೆಗೆ ಹೆಸರಾದ ಲಾರ್ಬನರಿ ದ್ವೀಪದಲ್ಲಿ ಬಣ್ಣ ಹಾಕುವವರ ಕಸುಬೇ ಕೆಡುತ್ತದೆ. ಕಾಬ್‌ನ ಹೆಸರನ್ನೇ ಕೇಳದ ಬಡವರು ಅವನ ಆಸೆಗೆ ಬೆಲೆ ತೆರುತ್ತಾರೆ. ಕೊನೆಗೆ ಆ ಬಾಗಿಲನ್ನು ಮುಚ್ಚುವ ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತಾನೆ.

ಹಾಗಾದರೆ ಶಕ್ತಿಯನ್ನು ಬಳಸಲೇಬಾರದೆ? ಲೇಖಕಿ ಹಾಗೆನ್ನುವುದಿಲ್ಲ. ಬಡ ಬೆಸ್ತರನ್ನು ಡ್ರ್ಯಾಗನ್ನುಗಳ ಭಯದಿಂದ ಬಿಡಿಸಲು ಗೆಡ್ ತನ್ನ ವಿದ್ಯೆಯನ್ನು ಬಳಸುತ್ತಾನೆ, ಅದು ಸರಿಯೇ. ಅಗತ್ಯಕ್ಕಾಗಿ ಬಳಸುವುದು ಬೇರೆ, ಮೆರೆಯುವುದಕ್ಕಾಗಿ ಬಳಸುವುದು ಬೇರೆ.

ಮಂತ್ರ ನಮಗೆ ತಿಳಿಯದು, ನಿಜ. ಆದರೆ ಗುಂಡಿಯೊತ್ತಿದೊಡನೆ ಬೆಳಕು, ನಲ್ಲಿ ತಿರುಗಿಸಿದೊಡನೆ ನೀರು ಬರುವ ಮನೆಗಳಲ್ಲಿ ನಾವಿದ್ದೇವೆ. ಇದು ಎಲ್ಲಿಂದ ಬಂದಿತು, ಇದರಿಂದ ಯಾರಿಗೆ ಕಡಿಮೆಯಾಯಿತು ಎಂದು ನಿಮ್ಮ ಮನೆಯ ಮಕ್ಕಳು ಕೇಳಿದರೆ ಬೇಸರಿಸಬೇಡಿ. ಅವರೊಡನೆ ಕುಳಿತು ಉತ್ತರ ಹುಡುಕಿ.