ಪೆಟ್ರೋಲಿನಲ್ಲಿ ಎಥೆನಾಲ್: ಮಲೆನಾಡಿನ ಬೈಕುಗಳ ಪಾಡು

2003ರಲ್ಲಿ ಶೇ. 5ರಿಂದ ಆರಂಭವಾದ ಎಥೆನಾಲ್ ಮಿಶ್ರಣವು 2025ರಲ್ಲಿ ಶೇ. 20ನ್ನು ಮುಟ್ಟಿತು. ಎಥೆನಾಲ್ ನೀರನ್ನು ಸೆಳೆಯುವ ದ್ರವ. ಅರೆತುಂಬಿದ ಟ್ಯಾಂಕಿನೊಳಗೆ ನಮ್ಮ ಮಳೆಗಾಲದ ತೇವದ ಗಾಳಿ ಸದಾ ಆಡುತ್ತಿರುತ್ತದೆ. ಮುಚ್ಚಳದ ಸಂದಿನಿಂದ ಮಳೆಹನಿಯೂ ಇಳಿಯುವುದುಂಟು. ನೀರು ಮಿತಿಮೀರಿದಾಗ ಎಥೆನಾಲ್ ಪೆಟ್ರೋಲಿನ ಸಂಗ ತೊರೆದು ನೀರಿನೊಡನೆ ತಳ ಸೇರುತ್ತದೆ. ಚಳಿಯಲ್ಲಿ ಈ ಬೇರ್ಪಡೆ ಇನ್ನೂ ಸುಲಭ. ಹಳೆಯ ಬೈಕನ್ನು ರಿಸರ್ವಿಗೆ ತಿರುಗಿಸಿದಾಗ ಎಂಜಿನ್ ಹೀರುವುದು ಈ ತಳದ ದ್ರವವನ್ನೇ. ಟ್ಯಾಂಕಿಗೆ ತುಕ್ಕು ಹಿಡಿಯುವುದೂ ಅಲ್ಲಿಂದಲೇ. ಎಥೆನಾಲಿಗೆ ಒಗ್ಗದ ರಬ್ಬರಿನ ಕೊಳವೆ, ವಾಷರುಗಳು ಉಬ್ಬಿ ಬಿರಿಯುತ್ತವೆ. ಕಾರ್ಬ್ಯುರೇಟರಿನ ಜೆಟ್ ರಂಧ್ರ ನಿಶ್ಚಿತವಾದುದರಿಂದ ಇಂಧನ ಸಾಲದೆ ಎಂಜಿನ್ ಕಾಯುತ್ತದೆ. (ಘಾಟಿ ಏರುವವರಿಗೆ ಇದನ್ನು ವಿವರಿಸಬೇಕಿಲ್ಲ.)

ದ್ವಿಚಕ್ರ ವಾಹನಗಳ ಮೈಲೇಜು ಶೇ. 3–4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿದೆ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂಬುದೂ ಅದರದೇ ಲೆಕ್ಕ. ಕೃಷಿ ವಿಜ್ಞಾನಿಯಾದ ನನ್ನನ್ನು ರಬ್ಬರಿಗಿಂತ ಹೆಚ್ಚು ಕಾಡುವುದು ಈ ಅಂಕಿ. ತೈಲದ ಆಮದು ತಗ್ಗುವುದು ನಿಜ. ಆದರೆ ಬತ್ತುವ ಬಾವಿ ಆ ಲೆಕ್ಕದಲ್ಲಿಲ್ಲ.

ಸದ್ಯಕ್ಕೆ, ತಿಂಗಳುಗಟ್ಟಲೆ ಬೈಕು ನಿಲ್ಲಿಸುವವರು ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದುಮಾಡಿ. ಹಳೆಯ ಕೊಳವೆಗಳನ್ನು ಮಳೆಗೆ ಮುನ್ನವೇ ಬದಲಿಸಿ.