ಕಲ್ಲಿನ ಮೇಲೆ ಬರೆದ ಋಣ



ಘಟಿಕೋತ್ಸವದ ವೇದಿಕೆಯಲ್ಲಿ ನಿಂತವರು ಭವಿಷ್ಯವನ್ನು ಕುರಿತು ಮಾತನಾಡುವುದು ರೂಢಿ. ಆದರೆ ಆಯುಷ್ಯದ ಬಹುಭಾಗವನ್ನು ಶಾಸನಗಳ ಅಕ್ಷರಗಳನ್ನು ತಡವುತ್ತ ಕಳೆದ ನನ್ನಂಥವನಿಗೆ ಭವಿಷ್ಯದ ವಿಷಯದಲ್ಲಿ ನಿಮಗಿಂತ ಹೆಚ್ಚಿನ ಅಧಿಕಾರವೇನೂ ಇಲ್ಲ. ಆದುದರಿಂದ, ಮಂಗಳ ಮುಹೂರ್ತಕ್ಕೆ ಅಷ್ಟಾಗಿ ಒಗ್ಗದ ವಿಷಯವೆಂದು ಕೆಲವರಿಗೆ ತೋರಿದರೂ, ಯುದ್ಧದಲ್ಲಿ ಮಡಿದವರನ್ನು ಬದುಕಿರುವ ನಾವು ಒಬ್ಬೊಬ್ಬರಾಗಿ ಯಾವ ಮನೋಭಾವದಿಂದ ನೆನೆಯಬೇಕು ಎಂಬ ಪ್ರಶ್ನೆಯನ್ನು ನಿಮ್ಮ ಮುಂದೆ ಇರಿಸಲು ಅನುಮತಿ ಬೇಡುತ್ತೇನೆ.

ಈ ವಿಷಯದಲ್ಲಿ ಎರಡು ಬಗೆಯ ಮನೋಧರ್ಮಗಳು ನಮ್ಮ ನಡುವೆ ಬಳಕೆಯಲ್ಲಿವೆ. ಮಡಿದವನು ಹುತಾತ್ಮ, ಅವನು ಮಡಿದ ಯುದ್ಧವೂ ಆ ಕಾರಣದಿಂದಲೇ ಪವಿತ್ರ, ಅದರ ವಿಷಯದಲ್ಲಿ ಪ್ರಶ್ನೆಯೆತ್ತುವುದು ಅವನ ಚಿತಾಭಸ್ಮಕ್ಕೆ ಅಪಚಾರ ಎಂದು ಭಾವಿಸುವವರು ಒಂದು ಪಕ್ಷ. ಹಾರ ತುರಾಯಿಗಳೂ ತುತ್ತೂರಿಯೂ ಮುಂದಿನ ಯುದ್ಧಕ್ಕೆ ಎಳೆಯರನ್ನು ಅಣಿಗೊಳಿಸುವ ಉಪಾಯಗಳಷ್ಟೇ ಎಂದು ತಿಳಿದು, ಅಂಥ ಸಭೆಗಳಿಂದ ಮುಖ ತಿರುಗಿಸಿ ನಡೆಯುವವರು ಇನ್ನೊಂದು ಪಕ್ಷ. ಎರಡನೆಯವರ ಶಂಕೆ ನಿರಾಧಾರವೆಂದು ನಾನು ಹೇಳಲಾರೆ. ಮೊದಲನೆಯವರ ಕಣ್ಣೀರು ಸುಳ್ಳೆಂದೂ ಹೇಳಲಾರೆ. ನನ್ನ ಆಕ್ಷೇಪಣೆ ಬೇರೆ: ಇಬ್ಬರೂ ಯುದ್ಧದ ವಿಷಯವಾಗಿ ವಾದಿಸುತ್ತಾರೆ; ಸತ್ತವನು ಯಾರು, ಎಲ್ಲಿಯವನು, ಅವನ ಮನೆಯವರು ಆಮೇಲೆ ಏನಾದರು ಎಂಬುದನ್ನು ಇಬ್ಬರಲ್ಲಿ ಯಾರೂ ಕೇಳುವುದಿಲ್ಲ.

ಇದನ್ನು ಕೇಳುವ ಪದ್ಧತಿ ನಮ್ಮ ನೆಲದಲ್ಲಿ ಇತ್ತು. ಕೆರೆಯ ಏರಿಯ ಮೇಲೆ, ಹನುಮಂತನ ಗುಡಿಯ ಮಗ್ಗುಲಲ್ಲಿ, ಕೆಲವೆಡೆ ಬಟ್ಟೆ ಒಗೆಯುವ ಹಾಸುಗಲ್ಲಾಗಿ, ಚರಂಡಿಯ ಮೇಲಣ ಚಪ್ಪಡಿಯಾಗಿ ನೀವು ವೀರಗಲ್ಲುಗಳನ್ನು ಕಂಡಿರುತ್ತೀರಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತಗಳು: ಕೆಳಗಿನದರಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಎರಡು ಕಡೆಯಿಂದಲೂ ಹಿಡಿದೆತ್ತಿ ಒಯ್ಯುತ್ತಿರುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಅಥವಾ ಇಷ್ಟದೈವದ ಸಾನ್ನಿಧ್ಯ, ಆಚೀಚೆ ಸೂರ್ಯಚಂದ್ರರು. ನೋಡುವವರು ಈ ಚಿತ್ರಗಳನ್ನು ನೋಡಿ ಮುಂದೆ ಹೋಗುತ್ತಾರೆ. ಹಂತಗಳ ನಡುವಣ ಪಟ್ಟಿಯಲ್ಲಿ ಅಕ್ಷರಗಳಿದ್ದರೆ, ನನ್ನಂಥ ವೃತ್ತಿಯವರು ಅಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತೇವೆ. ಆ ಅಕ್ಷರಗಳು ಬಹುಮಟ್ಟಿಗೆ ಒಣ ವ್ಯವಹಾರದ ಅಕ್ಷರಗಳು. ಇಂಥ ಅರಸನ ಕಾಲದಲ್ಲಿ, ಇಂಥ ಊರಿನಲ್ಲಿ, ತುರುಗಳನ್ನು ಹೊಡೆದುಕೊಂಡು ಹೋದಾಗ, ಅಥವಾ ಊರಳಿವಿನಲ್ಲಿ, ಅಥವಾ ಹೆಂಗಸರ ಮಾನಕ್ಕೆ ಕುತ್ತು ಬಂದಾಗ, ಇಂಥವನ ಮಗ ಇಂಥವನು ಕಾದಿ ಸತ್ತ. ಅವನ ಮನೆಯವರಿಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು. ಕಲ್ನಾಡು, ನೆತ್ತರುಗೊಡಗೆ ಮೊದಲಾದ ಹೆಸರುಗಳಿಂದ ಈ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಎಂದರೆ, ವೀರಗಲ್ಲು ಸ್ತುತಿಯ ಕಲ್ಲಾಗುವುದಕ್ಕೆ ಮುನ್ನ ಊರವರೆಲ್ಲ ಸಾಕ್ಷಿಯಾಗಿ ನಿಂತು ಬರೆಸಿಕೊಟ್ಟ ಒಂದು ಋಣಪತ್ರ.

ಬೆಂಗಳೂರಿಗೆ ಸಮೀಪದ ಬೇಗೂರಿನ ವಿಷಯವನ್ನು ತೆಗೆದುಕೊಳ್ಳೋಣ. ಕ್ರಿ.ಶ. ಸುಮಾರು 890ರ ಆಸುಪಾಸಿನಲ್ಲಿ ಗಂಗರ ಅಧಿಕಾರಿಯಾದ ನಾಗತ್ತರನೆಂಬವನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಹೋರಾಡಿ ಮಡಿದ. ಅವನ ಕಲ್ಲು, ತುಂಬ ಸಂದಣಿಯ ಕೆತ್ತನೆಯೊಡನೆ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅವನ ಮರಣಾನಂತರ ಅವನ ಪಟ್ಟ ಯಾರಿಗೆ ಸಂದಿತು, ಬೇಗೂರು ಸೇರಿದಂತೆ 12 ಹಳ್ಳಿಗಳು ಕಲ್ನಾಡಾಗಿ ಹೇಗೆ ಕೊಡಲ್ಪಟ್ಟವು ಎಂಬುದನ್ನು ಅದು ವಿವರವಾಗಿ ಹೇಳುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಇನ್ನೊಂದು ಶಾಸನ ಕೆಲವೇ ಮಾತುಗಳದು: ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತನೆಂಬ ವಾರ್ತೆ ಮಾತ್ರ. ಆ ಕಾಳಗ ಯಾರ ನಡುವೆ ನಡೆಯಿತು, ಯಾರು ಗೆದ್ದರು, ಅದು ನ್ಯಾಯವೋ ಅನ್ಯಾಯವೋ, ಒಂದೂ ಇಲ್ಲ. ಇಂದು ಕೋಟಿಗೂ ಮಿಕ್ಕ ಜನ ವಾಸಿಸುವ ಮಹಾನಗರದ ಹೆಸರಿಗೆ ದೊರೆಯುವ ಅತಿ ಪ್ರಾಚೀನ ಉಲ್ಲೇಖ ಇಂಥದೊಂದು ಮರಣವಾರ್ತೆಯಲ್ಲಿದೆ ಎಂಬುದನ್ನು, ಪ್ರತಿವರ್ಷವೂ ಆ ನಗರದ ಉತ್ಪತ್ತಿಯನ್ನು ಕುರಿತು ಉಪನ್ಯಾಸ ಮಾಡುವವರು ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಸತ್ತವನ ವಿಷಯಕ್ಕೆ ಅವರು ಬರುವುದೇ ಇಲ್ಲ.

ಅದೇ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲೊಂದಿದೆ. ಕ್ರಿ.ಶ. 949-50ರ ಆ ಶಾಸನ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳ ರಾಜಾದಿತ್ಯನ ಮೇಲೆ ನಡೆಸಿದ ತಕ್ಕೋಲದ ಯುದ್ಧವನ್ನು ಕುರಿತ ಮುಖ್ಯವಾದ ಆಧಾರ. ಚರಿತ್ರಕಾರರು ಅದನ್ನು ಓದುವುದು ಆ ಕಾರಣಕ್ಕಾಗಿ. ಆದರೆ ಕಲ್ಲು ನಿಂತದ್ದು ರಾಜಾದಿತ್ಯನ ಮರಣಕ್ಕಾಗಿ ಅಲ್ಲ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಭಟನಿಗೆ ಬೂತುಗ ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ಅರಸನ ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಬೆಳತೂರಿನ ಪಡುವಣ ಮರಡಿಯಲ್ಲಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತುವು. ಮಣಲೇರ ತನ್ನ ನಾಯಿಗಾಗಿ ಕಲ್ಲು ನೆಡಿಸಿ, ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಡಿಸಿದ. ಕಲ್ಲಿನ ನೆತ್ತಿಯಲ್ಲಿ ನಾಯಿಯೂ ಹಂದಿಯೂ ಒಂದನ್ನೊಂದು ಎದುರಿಸಿವೆ. ಆ ಕಲ್ಲನ್ನು ಪೂಜಿಸಬೇಕಾದ ಗೊರವ, ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನ ಪಾಲಿಗೆ ಎಂಬ ಷರತ್ತೂ ಕೊನೆಯಲ್ಲಿದೆ. ನಗೆ ಬಂದರೆ ನಗಬಹುದು. ಆದರೆ ಎರಡು ರಾಜ್ಯಗಳ ಭವಿಷ್ಯವನ್ನೇ ಬದಲಿಸಿದ ಯುದ್ಧವನ್ನು ಪೀಠಿಕೆಯಾಗಿ ಮಾಡಿಕೊಂಡು ತನಗೆ ಪ್ರಿಯವಾದ ಒಂದು ಪ್ರಾಣಿಯ ಸಾವಿಗೆ ಬಂದು ನಿಂತ ಆ ಭಟನಿಗೆ, ಸ್ಮರಣೆಯೆಂದರೆ ನಿತ್ಯವೂ ಯಾರಾದರೊಬ್ಬರು ಮಾಡಲೇಬೇಕಾದ ಕೆಲಸ, ಅದಕ್ಕೆ ಸಂಬಳ ಬೇಕು, ತಪ್ಪಿದರೆ ದಂಡನೆ ಬೇಕು ಎಂಬ ಲೋಕಜ್ಞಾನ ಚೆನ್ನಾಗಿತ್ತು.

ಹಿಂದಿನವರದೆಲ್ಲ ಒಳಿತೆಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ನಡುವಣ ಹಂತದ ಅಪ್ಸರೆಯರು ನನಗೆ ಎಂದೂ ಹಿಡಿಸಿದವರಲ್ಲ. ಸಾವನ್ನು ಅಷ್ಟು ಸುಖಕರವಾಗಿ ಚಿತ್ರಿಸಿದ ಊರು, ತನ್ನ ಮುಂದಿನ ತುರುಗಾಳಗಕ್ಕೆ ಜನ ಒದಗಲೆಂದೇ ಹಾಗೆ ಚಿತ್ರಿಸಿತೆಂಬ ಅನುಮಾನ ಯಾರಿಗಾದರೂ ಬರಬೇಕಾದದ್ದೇ. ವೀರಗಲ್ಲಿನ ಪಕ್ಕದಲ್ಲಿ ಹಲವೆಡೆ ಮಾಸ್ತಿಕಲ್ಲೂ ಉಂಟು: ಕಂಬದಿಂದ ಹೊರಚಾಚಿದ, ಬಳೆ ತೊಟ್ಟ, ಮೊಣಕೈ ಮಡಿಸಿ ಮೇಲೆತ್ತಿದ ಒಂದು ತೋಳು. ಗಂಡನಿಗಾಗಿ ಊರು ಗದ್ದೆ ಬಿಟ್ಟಿತು. ಆ ಗದ್ದೆಯ ಅನ್ನವನ್ನು ಉಣ್ಣಬೇಕಾದವಳನ್ನು ಬೆಂಕಿಗೆ ಬಿಟ್ಟಿತು. ಈ ಎರಡು ಕಲ್ಲುಗಳನ್ನೂ ಒಂದೇ ಬಾರಿಗೆ ನೋಡಲಾರದವನು ಯಾವುದನ್ನೂ ನೋಡಿದಂತಾಗಲಿಲ್ಲ.

ಇನ್ನು ಶತ್ರುಪಕ್ಷದಲ್ಲಿ ಮಡಿದವರ ಮಾತು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದುಬರುವ ಪ್ರಕರಣವನ್ನು ನೀವು ಓದಿರಬಹುದು. ಗುರುವಿನ, ತಮ್ಮನ, ಮಗನ, ಗೆಳೆಯನ ಹೆಣಗಳಿಗಾಗಿ ಅವನು ಅಳುವುದು ಸಹಜ. ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು, ವೈರಿಯ ಮಗನೆನ್ನದೆ ಅವನ ಶೌರ್ಯಕ್ಕೆ ತಲೆಬಾಗುವುದು ಕವಿಪ್ರತಿಭೆಯಿಂದ ಮಾತ್ರ ಸಾಧ್ಯವಾದ ಔದಾರ್ಯ. ಚರಿತ್ರೆಯಲ್ಲಿ ಇಂಥದು ವಿರಳ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರೆಂದು ಗೆದ್ದ ಅಶೋಕನೇ ಸಂತಾಪಪಟ್ಟು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಬರೆಸಿದ್ದು ಲೋಕಪ್ರಸಿದ್ಧವಾದ ಸಂಗತಿ. ಆದರೆ ಕಳಿಂಗದೊಳಗಣ ಧೌಲಿಯ ಬಂಡೆಯಲ್ಲಿ ಆ ಶಾಸನವನ್ನು ಕೈಬಿಡಲಾಗಿದೆ. ಸತ್ತವರ ಬಂಧುಗಳು ಓದುವ ಕಡೆ ಆ ಅಂಕೆಯನ್ನು ಬರೆಸುವುದು ಚಕ್ರವರ್ತಿಗೂ ಕಷ್ಟವಾಯಿತೋ, ಆಡಳಿತದ ಜಾಣತನ ಅಡ್ಡ ಬಂತೋ, ಯಾರು ಬಲ್ಲರು?

ಆಧುನಿಕ ಕಾಲಕ್ಕೆ ಬಂದರೆ ಅಂಕೆಗಳು ಬೆಳೆದಷ್ಟು ಹೆಸರುಗಳು ಬೆಳೆದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರಿಗೆಲ್ಲ, ಅಧಿಕಾರಿಯೆಂದೂ ಸಿಪಾಯಿಯೆಂದೂ ಭೇದವಿಲ್ಲದೆ, ಒಂದೇ ಬಗೆಯ ಗೋರಿಗಲ್ಲು ಎಂಬ ಉದಾತ್ತವಾದ ನಿಯಮವನ್ನು ಬ್ರಿಟಿಷ್ ಸಾಮ್ರಾಜ್ಯದ ಸಮಾಧಿ ಆಯೋಗ ಅಂಗೀಕರಿಸಿತು. ಫ್ರಾನ್ಸಿನ ನ್ಯೂ ಶಪೆಲ್‌ನಲ್ಲಿ 4,700ಕ್ಕೂ ಮಿಕ್ಕ ಭಾರತೀಯರ ಹೆಸರುಗಳನ್ನು ಕೆತ್ತಿರುವುದು ಆ ನಿಯಮಕ್ಕೆ ಅನುಗುಣವಾಗಿಯೇ. ಆದರೆ ಇರಾಕಿನ ಬಸ್ರಾದ ಸ್ಮಾರಕದಲ್ಲಿ, ನಮ್ಮವರು ಹೆಚ್ಚಾಗಿ ಸತ್ತ ರಣಭೂಮಿಯಲ್ಲಿ, ಅಧಿಕಾರಿಗಳ ಹೆಸರುಗಳಿದ್ದು, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಅವರವರ ದಳದ ಕೆಳಗೆ ಬರಿಯ ಸಂಖ್ಯೆಯಾಗಿ ಬರೆಯಲಾಯಿತು. ಈ ತಾರತಮ್ಯವನ್ನು ಆ ಆಯೋಗವೇ 2021ರಲ್ಲಿ ಒಪ್ಪಿಕೊಂಡು ವಿಷಾದಿಸಿದೆ; ನೂರು ವರ್ಷಗಳು ಕಳೆದ ಮೇಲೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನು ಬರೆಸಿದ ಆತಕೂರಿನ ಕಲ್ಲಿನ ಮುಂದೆ ನಿಂತಾಗಲೆಲ್ಲ ಬಸ್ರಾದ ಆ ಸಂಖ್ಯೆಗಳು ನನಗೆ ನೆನಪಾಗುತ್ತವೆ.

ಮೈಸೂರಿನ ಅಶ್ವದಳದ ವಿಷಯ ನಮಗೆ ಇನ್ನೂ ಹತ್ತಿರದ್ದು, ಇನ್ನೂ ತೊಡಕಿನದು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರಗಳ ರಾವುತರು ಈಟಿ ಕತ್ತಿಗಳನ್ನು ಹಿಡಿದು, ಫಿರಂಗಿ ಮತ್ತು ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆಗಳನ್ನು ಬಿಟ್ಟು, ಹೈಫಾ ನಗರವನ್ನು ತುರ್ಕರಿಂದ ವಶಪಡಿಸಿಕೊಂಡರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಗುಡ್ಡವನ್ನು ಹತ್ತಿ ಮೇಲಣ ತೋಪುಗಳನ್ನು ಹಿಡಿಯಿತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಸಂಸ್ಥಾನದ ರಾವುತನದೆಂಬುದನ್ನು ಬಹಳ ಮಂದಿ ಕನ್ನಡಿಗರು ಅರಿಯರು. ಈಗ ಕೇಳಬೇಕಾದ ಪ್ರಶ್ನೆ: ಆ ರಾವುತ ಯಾರಿಗಾಗಿ ಸತ್ತ? ತನ್ನ ನಾಡಿಗೆ ತುರ್ಕರು ಮಾಡಿದ ಅಪರಾಧವೇನೂ ಇರಲಿಲ್ಲ. ಯುದ್ಧ ಸಾಮ್ರಾಜ್ಯದ್ದು, ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟರು, ರಾವುತ ತನ್ನನ್ನೇ ಕೊಟ್ಟ. ಸ್ವಾತಂತ್ರ್ಯ ಬಂದ ಮೇಲೆ ಪರರ ಯುದ್ಧದಲ್ಲಿ ಸತ್ತವರೆಂಬ ಸಂಕೋಚದಿಂದ ಅವರನ್ನು ಬಹುಕಾಲ ಮರೆತೆವು. ಇತ್ತೀಚೆಗೆ, 2018ರಲ್ಲಿ ದೆಹಲಿಯ ಆ ವೃತ್ತಕ್ಕೆ ಹೈಫಾದ ಹೆಸರನ್ನು ಸೇರಿಸಿದ ಮೇಲೆ, ಅವರನ್ನು ನಮ್ಮದೇ ಯಾವುದೋ ಧರ್ಮಯುದ್ಧದ ಕಲಿಗಳೆಂಬಂತೆ ಕೊಂಡಾಡುತ್ತಿದ್ದೇವೆ. ನನ್ನ ದೃಷ್ಟಿಯಲ್ಲಿ ಎರಡೂ ಅಸತ್ಯ. ತುರುಗಾಳಗವನ್ನು ತುರುಗಾಳಗವೆಂದೇ ಕರೆದು, ಅದರಲ್ಲಿ ಸತ್ತವನಿಗೆ ಕಿಂಚಿತ್ತೂ ಗೌರವ ಕುಂದದಂತೆ ಬರೆದ ಹಳ್ಳಿಯ ಶಾಸನಕಾರನ ನೇರವಂತಿಕೆ ನಮಗೆ ಏಕೆ ಬಾರದು? ಪರರ ಯುದ್ಧ, ನಮ್ಮ ಮಗ, ಅದ್ಭುತವಾದ ಧೈರ್ಯ: ಈ ಮೂರನ್ನೂ ಒಂದೇ ಕಲ್ಲಿನಲ್ಲಿ ಬರೆಯುವಷ್ಟು ಸ್ಥಳವುಂಟು.

ನನ್ನ ಸ್ವಂತ ಆಚರಣೆ ಏನೆಂದು ನೀವು ಕೇಳಬಹುದು. ಮಹಾಲಯ ಪಕ್ಷದಲ್ಲಿ ಚತುರ್ದಶಿಯ ದಿನವನ್ನು ಶಸ್ತ್ರದಿಂದ ಹತರಾದವರಿಗೆಂದು ಹಿರಿಯರು ಮೀಸಲಿರಿಸಿದ್ದಾರೆ. ಶ್ರಾದ್ಧಾದಿಗಳಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೇ ಆದರೂ, ಆ ದಿನ ನಾನು ಯಾವುದಾದರೊಂದು ಹೆಸರಿನ ಪಟ್ಟಿಯನ್ನು, ವೀರಗಲ್ಲುಗಳದೋ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ್ದೋ, ಕೈಗೆತ್ತಿಕೊಂಡು ಒಂದಿಷ್ಟನ್ನು ಗಟ್ಟಿಯಾಗಿ ಓದುತ್ತೇನೆ. ಆ ಸ್ಮಾರಕದಲ್ಲಿ ಸ್ವತಂತ್ರ ಭಾರತದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಹತ್ತಿಪ್ಪತ್ತು ಓದುವಷ್ಟರಲ್ಲಿ ಧ್ವನಿ ತಾನಾಗಿ ತಗ್ಗುತ್ತದೆ. ಸಾರ್ವಜನಿಕ ಸಭೆಗಳಿಗೆ ಹೋಗುವುದು ಕಡಮೆ, ಏಕೆಂದರೆ ಅಲ್ಲಿ ಮಡಿದವನ ಹೆಸರಿಗಿಂತ ಹಾರ ಹಾಕುವವರ ಹೆಸರನ್ನು ಹೆಚ್ಚು ಸಲ ಕೇಳಬೇಕಾಗುತ್ತದೆ.

ಸ್ನಾತಕ ಮಿತ್ರರೇ, ನಿಮ್ಮಲ್ಲಿ ಕೆಲವರು ಕಚೇರಿಗಳಲ್ಲಿ ಕೂರುವಿರಿ. ಸೈನಿಕನ ಹೆಂಡತಿಯೋ ತಾಯಿಯೋ ನಿಮ್ಮ ಮೇಜಿನ ಮುಂದೆ ಒಂದು ದಿನ ಕಾಗದಪತ್ರಗಳ ಚೀಲದೊಡನೆ ನಿಲ್ಲುವರು: ಪಿಂಚಣಿಯ ವಿಷಯವಿರಬಹುದು, ಮಂಜೂರಾದ ಜಮೀನು ಇನ್ನೂ ಖಾತೆಯಾಗದ ವಿಷಯವಿರಬಹುದು, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದುದಕ್ಕೆ ಕಡತ ಹಿಂತಿರುಗಿದ ವಿಷಯವಿರಬಹುದು. ಗಂಗರ ಕಾಲದ ಊರು ಕಲ್ಲು ನಿಲ್ಲಿಸಿದಾಗಲೇ ಗದ್ದೆಯ ಎಲ್ಲೆಯನ್ನೂ ಗೊತ್ತುಮಾಡಿತು. ‘ನಾಳೆ ಬನ್ನಿ’ ಎನ್ನುವ ಮುನ್ನ ಅದು ನಿಮಗೆ ನೆನಪಾದರೆ, ನೀವು ಯಾವ ಸ್ಮಾರಕಕ್ಕೂ ಹೋಗದಿದ್ದರೂ ನನ್ನ ಆಕ್ಷೇಪಣೆಯಿಲ್ಲ. ಇನ್ನು ಕೆಲವರು ಎಂಜಿನಿಯರುಗಳಾಗಿ ರಸ್ತೆ ಅಗಲ ಮಾಡಿಸುವಿರಿ, ಕೆರೆಯ ಹೂಳೆತ್ತಿಸುವಿರಿ. ಗುತ್ತಿಗೆದಾರನ ಯಂತ್ರದ ಬಾಯಿಗೆ ಸಿಕ್ಕುವ ಮುನ್ನ, ಬೋರಲಾಗಿ ಬಿದ್ದ ಚಪ್ಪಡಿಯನ್ನು ಒಮ್ಮೆ ಮಗುಚಿ ನೋಡಿಸಿರಿ.

ಕುಲಪತಿಗಳಲ್ಲಿ ಒಂದು ಬಿನ್ನಹ ಮಾಡಿಕೊಂಡಿದ್ದೇನೆ, ಅವರು ಸಮ್ಮತಿಸಿದ್ದಾರೆ. ಶಾಸನತಜ್ಞ ರೈಸ್ ಮಹಾಶಯರು 1886ರಲ್ಲಿ ಪ್ರಾರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಅಕ್ಷರವಿದ್ದ ಕಲ್ಲುಗಳನ್ನು ದಾಖಲಿಸಿದುವು. ಅಕ್ಷರವಿಲ್ಲದ ವೀರಗಲ್ಲುಗಳಲ್ಲಿ ಎಷ್ಟೋ ಯಾವ ದಾಖಲೆಗೂ ಸೇರದೆ ಬಿದ್ದಿವೆ. ಈ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕಲ್ಲುಗಳನ್ನೂ, ಅದರೊಡನೆಯೇ ಕಳೆದ ಶತಮಾನದ ಹಾಗೂ ಈ ಶತಮಾನದ ಯುದ್ಧಗಳಲ್ಲಿ ಆ ಊರಿನಿಂದ ಹೋಗಿ ಮಡಿದವರನ್ನೂ ಒಂದೇ ಪಟ್ಟಿಯಲ್ಲಿ ಬರೆದು ತರಬೇಕೆಂಬುದು ನನ್ನ ಕೋರಿಕೆ. ಪಟ್ಟಿಯಲ್ಲಿ ನಾಲ್ಕು ಕಲಮುಗಳಿರಲಿ: ಹೆಸರು, ಸತ್ತ ಸ್ಥಳ, ಯಾರ ಯುದ್ಧ, ಮನೆಯವರಿಗೆ ಸಂದದ್ದು ಏನು. ಮೂರನೆಯ ಕಲಮಿನಲ್ಲಿ ಮನೆಯವರಿಗೂ ನಿಮಗೂ ಅಭಿಪ್ರಾಯಭೇದ ಬಂದರೆ ಎರಡನ್ನೂ ಬರೆಯಿರಿ. ನಾಲ್ಕನೆಯದನ್ನು ತುಂಬಲು ತಾಲ್ಲೂಕು ಕಚೇರಿಗೆ ಹಲವು ಸಲ ಅಲೆಯಬೇಕಾದೀತು. ಅಷ್ಟರೊಳಗೆ ಇಂದಿನ ಸ್ನಾತಕರಲ್ಲಿ ಕೆಲವರು ಅಲ್ಲಿಯೇ ಅಧಿಕಾರದಲ್ಲಿ ಕುಳಿತಿರುವರೆಂದು ನಂಬಿದ್ದೇನೆ.