ಮನದ ಭಾರ, ಮೈಯ ದುಡಿತ



ಮನಸ್ಸಿನ ಒತ್ತಡ ಹೆಚ್ಚಿದಾಗ ನಾವು ಮೊದಲು ಕೈಬಿಡುವುದು ನಡಿಗೆಯನ್ನು. ಮೈ ದಣಿಯದಿದ್ದರೆ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟ ಮನಸ್ಸಿಗೆ ತರಗತಿಯ ಸಣ್ಣ ಗದ್ದಲವೂ ಹೊರೆಯಾಗುತ್ತದೆ. ಹೀಗೆ ತಾಳಿಕೊಳ್ಳುವ ಶಕ್ತಿ ಕುಗ್ಗುತ್ತದೆ.

ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈ (1915–2015) ಕೃಷಿಕರೂ ಆಗಿದ್ದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನು ಹೊತ್ತು ದೀರ್ಘಕಾಲ ಹೋರಾಡಿದ ಅವರು ಆತ್ಮಕಥೆಗೆ ಇಟ್ಟ ಹೆಸರು ‘ದುಡಿತವೇ ನನ್ನ ದೇವರು’.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ದೈಹಿಕ ಶ್ರಮವನ್ನು ಸೂಚಿಸಿದೆ. ಐದು ದಿನ, ಶಾಲೆ ಬಿಟ್ಟೊಡನೆ 30 ನಿಮಿಷ ಬಿರುಸಾಗಿ ನಡೆದರೆ ಅಷ್ಟಾಯಿತು. ಮಳೆಗಾಲದಲ್ಲಿ ಶಾಲೆಯ ಜಗಲಿಯೇ ಸಾಕು. ಉತ್ಸಾಹ ಬರಲೆಂದು ಕಾಯಬೇಡಿ, ಹೊತ್ತನ್ನು ಗೊತ್ತುಮಾಡಿ. ಅತಿ ಬೇಸರದ ದಿನವೇ ಆ ಹೊತ್ತನ್ನು ತಪ್ಪಿಸಬಾರದು.